ಉಸಿರುಡಬ್ಬಿಯ ಲೆಕ್ಕಕ್ಕೆ ಸಿಗದವರು

ಸರ್ಕಾರ ಮನೆಮನೆಯ ಟೀವಿಗೆ ಉಸಿರುಡಬ್ಬಿ ಕೂರಿಸಿದ ವರ್ಷವೇ ಹುಬ್ಬಳ್ಳಿಯ ಬೆಳವಲ ವಾಹಿನಿಯ ಲೈಸೆನ್ಸು ನವೀಕರಣಕ್ಕೆ ಬಂತು. ಎರಡೂ ಒಟ್ಟಿಗೇ ಬರಬೇಕೆ ಎಂದು ವಾಹಿನಿಯ ಕಾರ್ಯಕ್ರಮ ಮುಖ್ಯಸ್ಥೆ ದಾಕ್ಷಾಯಿಣಿ ಅಂಗಡಿ ಹಣೆ ಹಣೆ ಬಡಿದುಕೊಂಡಳು.

ಆ ಡಬ್ಬಿಗೆ ಸರ್ಕಾರಿ ಕಾಗದದಲ್ಲಿ ‘ಸಹಕುಟುಂಬ ವೀಕ್ಷಣಾ ಮಾಪಕ’ ಎಂಬ ಹೆಸರಿತ್ತು. ಅಷ್ಟುದ್ದ ಕರೆಯಲು ಯಾರಿಗೂ ಪುರುಸೊತ್ತಿರಲಿಲ್ಲ. ಸೋಪಿನ ಪೆಟ್ಟಿಗೆಯಷ್ಟಿದ್ದ ಅದು ಟೀವಿಯ ನೆತ್ತಿಯ ಮೇಲೆ ಕೂತು ಪಡಸಾಲೆಗೆ ಕಣ್ಣಿಗೆ ಕಾಣದ ರೇಡಿಯೋ ಅಲೆಗಳನ್ನು ಬಿಡುತ್ತಿತ್ತು. ಉಸಿರಾಡುವಾಗ ಮನುಷ್ಯನ ಎದೆ ಒಂದಿಷ್ಟು ಏರಿ ಇಳಿಯುತ್ತದಲ್ಲ, ಅದಕ್ಕೆ ತಾಗಿ ಹಿಂದಿರುಗಿದ ಅಲೆಯಿಂದ ಡಬ್ಬಿಗೆ ಎಲ್ಲ ತಿಳಿಯುತ್ತಿತ್ತು. ಎಷ್ಟು ಜನ ಕೂತಿದ್ದಾರೆ, ಯಾರು ಹೆಂಗಸು, ಯಾರು ಮಗು, ಯಾರು ಮನೆಯ ಯಜಮಾನರು, ಯಾರು ಯಾವಾಗ ಎದ್ದರು. ಅದು ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಮನೆಯವರ ಗುಟ್ಟು ಮನೆಯವರಿಗೇ ಇರಲಿ ಎಂದು ಅಲೆಯನ್ನು ಪಡಸಾಲೆಯ ಹೊಸ್ತಿಲಿಗೇ ನಿಲ್ಲಿಸಿದ್ದರು. ಅಡುಗೆಮನೆ, ಮಲಗುವ ಕೋಣೆಗಳ ಕಡೆ ಅದು ಇಣುಕುತ್ತಿರಲಿಲ್ಲ.

ಇದಕ್ಕೆಲ್ಲ ಕಾರಣವಾದ ಸಮಿತಿ ಊರೂರು ತಿರುಗಿ, ಮನೆಮನೆಯ ಚಹಾ ಕುಡಿದು ಕಂಡುಕೊಂಡ ಸತ್ಯವನ್ನು ಯಾರೂ ಅಲ್ಲಗಳೆಯುವಂತಿರಲಿಲ್ಲ. ಟೀವಿಯಲ್ಲಿ ನೋಡಬಾರದ್ದು ಬಂದಾಗ ನಮ್ಮ ಮನೆಗಳಲ್ಲಿ ಯಾರೂ ಬಾಯಿಬಿಟ್ಟು ಏನೂ ಹೇಳುವುದಿಲ್ಲ. ಅಪ್ಪನಿಗೆ ಬೆಳಿಗ್ಗೆಯೇ ಓದಿ ಮುಗಿಸಿದ ಪೇಪರು ನೆನಪಾಗುತ್ತದೆ. ಅಮ್ಮನಿಗೆ ಒಲೆಯ ಮೇಲಿಲ್ಲದ ಹಾಲು ಉಕ್ಕುತ್ತದೆ. ಕಾಲೇಜಿಗೆ ಹೋಗುವ ಮಗ ಬಾಯಾರದಿದ್ದರೂ ನೀರು ಕುಡಿಯಲು ಏಳುತ್ತಾನೆ. ಹಾಗಾಗಿ ಜನ ಎದ್ದು ಹೋದರೆಂದರೆ ಅಲ್ಲಿ ಮುಜುಗರವಿದೆ ಎಂದೇ ಅರ್ಥ. ನೂರು ಜನ ನೋಡುಗರಲ್ಲಿ ಹತ್ತಕ್ಕಿಂತ ಹೆಚ್ಚು ಮಂದಿ ನಡುವೆ ಎದ್ದು ಹೋದರೆ ಆ ಕಾರ್ಯಕ್ರಮ ಕುಟುಂಬಯೋಗ್ಯವಲ್ಲ, ಅದನ್ನು ಕೈಬಿಡದ ವಾಹಿನಿಗೆ ಲೈಸೆನ್ಸಿಲ್ಲ ಎಂದು ಕಾನೂನಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ದಾಕ್ಷಾಯಿಣಿಯೂ ತಟ್ಟಿದ್ದಳು.

ಈಗ ಅವಳು ಕಂಟ್ರೋಲ್ ರೂಮಿನಲ್ಲಿ ನಿಂತು ಗೋಡೆಯಗಲದ ಪರದೆಯನ್ನು ನೋಡುತ್ತಿದ್ದಳು. ಮಾದರಿಗೆಂದು ಆರಿಸಿದ ಒಂದೊಂದು ಮನೆಯೂ ಅಲ್ಲೊಂದು ಚೌಕ, ಒಬ್ಬೊಬ್ಬ ಮನುಷ್ಯನೂ ಒಂದು ಹಸಿರು ಚುಕ್ಕೆ. ಎದ್ದು ಹೊಸ್ತಿಲು ದಾಟಿದವರ ಚುಕ್ಕೆ ಕೆಂಪಾಗಿ ಆರುತ್ತಿತ್ತು. ‘ಸಂಜಿ ಕಟ್ಟಿ’ ಕಾರ್ಯಕ್ರಮ ಶುರುವಾಗಿ ಐದು ನಿಮಿಷವಾಗಿರಲಿಲ್ಲ, ಪರದೆಗೆ ದಡಾರ ಎದ್ದ ಹಾಗೆ ಕಾಣುತ್ತಿತ್ತು.

“ನೋಡ್ರಿ ಮೇಡಂ, ಮತ್ತ ಎದ್ರು,” ಎಂದ ಎಂಜಿನಿಯರ್ ಇಮ್ತಿಯಾಜ್ ನದಾಫ್. “ನೂರಕ್ಕ ಮೂವತ್ತೇಳು. ತುಂಗವ್ವ ಇವತ್ತ ಏನ್ ಕೆಟ್ಟ ಮಾತಾಡ್ಯಾಳ ಅಂತ ಏಳ್ತಾರ್ರಿ ಇವ್ರು?”

“ಕೆಟ್ಟ ಮಾತು ಎಲ್ಲೈತಿ? ಬಸುರಿ ಅನ್ನೂ ಮಾತು ಸುದ್ದಾ ತಗದೀನಿ. ಈಗ ‘ದಿನಾ ತುಂಬ್ಯಾವು’ ಅಂತಾಳ.”

‘ಸಂಜಿ ಕಟ್ಟಿ’ ಬೆಳವಲದ ಕಣ್ಮಣಿ. ಓಣಿಯ ನಾಲ್ಕು ಹೆಂಗಸರು ಸಂಜೆ ಕಟ್ಟೆಯ ಮೇಲೆ ಕೂತು ಕಾಳು ಹಸನು ಮಾಡುತ್ತ ಲೋಕದ ಸುದ್ದಿಯನ್ನೆಲ್ಲ ಮಾತಾಡುತ್ತಾರೆ, ಅಷ್ಟೇ. ಅವರಲ್ಲಿ ಹಿರಿಯಳಾದ ತುಂಗವ್ವನ ಬಾಯಿಗೆ ಮಾತ್ರ ಬಾಗಿಲಿಲ್ಲ. ಹೋದ ತಿಂಗಳು ಅವಳು, “ನಳದಾಗ ನೀರು ಬರೂದಕ್ಕಿಂತ ಮಂತ್ರಿ ಬರೂದು ಹೆಚ್ಚಾತು. ಮಂತ್ರಿನ್ನ ಕೊಡದಾಗ ತುಂಬಿ ಇಟ್ಕೊಳಾಕ ಬರತೈತೇನು?” ಎಂದುಬಿಟ್ಟಿದ್ದಳು. ಆ ಮಾತು ಊರೆಲ್ಲ ಓಡಾಡಿತು. ಮರುವಾರವೇ ಬೆಂಗಳೂರಿನ ಲೈಸೆನ್ಸು ಕಚೇರಿಯಿಂದ ಕೇಶವಮೂರ್ತಿ ಎಂಬ ಅಧಿಕಾರಿ ಬಂದಿಳಿದರು.

ಕೇಶವಮೂರ್ತಿ ಕೆಟ್ಟವರಲ್ಲ. ಧಾರವಾಡ ಪೇಡೆಯನ್ನು ಕಣ್ಣುಮುಚ್ಚಿ ಸವಿಯುವ, ಯಾರ ಮನಸ್ಸನ್ನೂ ನೋಯಿಸಲಾರದ ಮನುಷ್ಯ. ಅಂಥವರ ಕೈಲಿ ಬಂದ ಬೆದರಿಕೆಗೆ ಎದುರು ಮಾತಾಡುವುದು ಇನ್ನೂ ಕಷ್ಟ.

“ಕಾರ್ಯಕ್ರಮ ನಿಲ್ಸಿ ಅಂತ ನಾವ್ಯಾಕೆ ಹೇಳೋಣ ಮೇಡಂ? ಅಂಕಿ ಹೇಳ್ತಿದೆ ಅಷ್ಟೆ,” ಎಂದರು.

“ಮಂತ್ರಿಗಳಿಗೆ ಸಿಟ್ಟು ಬಂದೈತೇನ್ರಿ?”

“ಅಯ್ಯೋ, ಅವರಿಗೆ ಟೀವಿ ನೋಡೋಕೆ ಟೈಮೆಲ್ಲಿ? ಅವರ ಮನೆಯವರು ನೋಡ್ತಾರೆ. ಆ ಕೊಡದ ಮಾತು ಹೇಳ್ಕೊಂಡು ಮೂರು ದಿನ ನಕ್ಕರಂತೆ.” ಕೇಶವಮೂರ್ತಿ ಚಹಾದ ಬಟ್ಟಲಿನೊಳಗೆ ನೋಡಿದರು. “ನನ್ನ ಮೇಲೂ ಒಬ್ಬರಿದ್ದಾರೆ ಮೇಡಂ, ಅವರ ಮೇಲೂ ಇನ್ನೊಬ್ಬರು. ತಪಾಸಣೆ ಪ್ರಸಾರದ ದಿನ ನಾನೇ ಬಂದು ಕೂರ್ತೀನಿ. ಅವತ್ತು ಏನು ತೋರಿಸ್ತೀರೋ ಅದು ನಿಮ್ಮಿಷ್ಟ. ನೇರ ಪ್ರಸಾರ ಆಗಿರಬೇಕು, ಹತ್ತರೊಳಗೆ ಬರಬೇಕು, ಅಷ್ಟೆ. ಬಂದ್ರೆ ಡಬ್ಬಿಯ ಅಂಕಿನೇ ಲೈಸೆನ್ಸು, ನಾವ್ಯಾರೂ ಕೈ ಹಾಕೋ ಹಾಗಿಲ್ಲ. ಬರದಿದ್ರೆ ವಾಹಿನಿ ಬಂದ್. ಅಲ್ಲೀವರೆಗೂ ಸುಮ್ನೆ ಏನಾದ್ರೂ ಒಳ್ಳೇದು ಹಾಕಿ ನೋಡಿ.”

ಒಳ್ಳೆಯದು ಹಾಕಿದರು. ‘ಶಾಂತ ಸರೋವರ’ ಎಂದು ಅದರ ಹೆಸರು. ಕೊಳ, ಕಮಲ, ಎರಡು ಹಂಸ, ಹಿಂದೆ ಕೊಳಲು, ಎಲ್ಲವೂ ನೇರ ಪ್ರಸಾರ. ಅರ್ಧ ಗಂಟೆಯಲ್ಲಿ ಹಂಸಗಳು ಈ ದಡದಿಂದ ಆ ದಡಕ್ಕೆ ಹೋಗುತ್ತಿದ್ದವು, ಮರುದಿನ ಆ ದಡದಿಂದ ಈ ದಡಕ್ಕೆ ಬರುತ್ತಿದ್ದವು. ಎದ್ದು ಹೋದವರು ನೂರಕ್ಕೆ ಇಬ್ಬರು! ಮಾಲೀಕರಿಗೆ ಜೀವ ಬಂತು. ತಪಾಸಣೆಯ ದಿನವೂ ಹಂಸವನ್ನೇ ಬಿಟ್ಟರೆ ಆಯಿತಲ್ಲ ಎಂದರು. ಹಂಸ ಗೆದ್ದರೆ ತುಂಗವ್ವ ಮತ್ತೆ ಕಟ್ಟೆ ಹತ್ತುವುದಿಲ್ಲ ಎಂಬುದು ದಾಕ್ಷಾಯಿಣಿಗೆ ಗೊತ್ತಿತ್ತು. ಆದರೂ ವಾಹಿನಿಯನ್ನೇ ನಂಬಿಕೊಂಡ ನೂರಿಪ್ಪತ್ತು ಮನೆಗಳಿವೆ, ಅವಳು ಚೀಲ ಎತ್ತಿಕೊಂಡು ಮನೆಗೆ ಹೊರಟಳು.

ಮನೆಗೆ ಬಂದರೆ ಅಲ್ಲಿಯೂ ಹಂಸವೇ ಈಜುತ್ತಿತ್ತು. ಮಾವ ಚನ್ನವೀರಪ್ಪನವರು ಕೈ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು, ಮಾತು ಕಡಿಮೆ. ಅತ್ತೆ ಗೌರವ್ವ ಅಡುಗೆಮನೆಯಲ್ಲಿದ್ದರು. ಗಂಡ ಮಹಾಂತೇಶ ಔಷಧಿ ಅಂಗಡಿ ಮುಚ್ಚಿ ಬರುವುದು ತಡವಾಗುತ್ತಿತ್ತು. ದಾಕ್ಷಾಯಿಣಿ ಮುಖ ತೊಳೆದು ಬಂದು ಅತ್ತೆಯ ಕೈಯಿಂದ ಹಿಟ್ಟು ತೆಗೆದುಕೊಂಡು ರೊಟ್ಟಿ ಬಡಿಯಲು ಕೂತಳು.

ಆ ಮನೆಗೆ ಬಂದು ಹತ್ತೊಂಬತ್ತು ವರ್ಷವಾದರೂ ಅವಳು ಮಾವನ ಎದುರು ಕುರ್ಚಿಯಲ್ಲಿ ಕೂತವಳಲ್ಲ. ಕೂಡಬೇಡ ಎಂದು ಯಾರೂ ಹೇಳಿರಲಿಲ್ಲ. ಹೊಸದರಲ್ಲಿ ಅಡುಗೆಮನೆಯ ಹೊಸ್ತಿಲ ಬಳಿ ನಿಂತಳು, ಹಾಗೇ ನಿಂತುಬಿಟ್ಟಳು. ತಾನೇ ಮಾಡಿಸಿದ ಕಾರ್ಯಕ್ರಮಗಳನ್ನೂ ಅಲ್ಲಿಂದಲೇ, ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ನೋಡುತ್ತಿದ್ದಳು. ವಾಹಿನಿಯಲ್ಲಿ ನೂರಿಪ್ಪತ್ತು ಜನರ ಮೇಲೆ ದರ್ಬಾರು ಮಾಡುವವಳಿಗೆ ಮನೆಯಲ್ಲಿ ಇದು ವಿಚಿತ್ರ ಎನ್ನಿಸಿಯೇ ಇರಲಿಲ್ಲ.

ಹಂಚಿನ ಮೇಲೆ ರೊಟ್ಟಿ ಉಬ್ಬಿತು. ಪಡಸಾಲೆಯಲ್ಲಿ ಕೊಳಲು ನಿಂತದ್ದು ಕೇಳಿ ಸರೋವರ ಮುಗಿಯಿತೆಂದು ಗೊತ್ತಾಯಿತು. ಆಗ ಅವಳಿಗೆ ಹೊಳೆಯಿತು, ಇವತ್ತು ತಾನು ಒಂದು ಸಲವೂ ಬಾಗಿಲಿಗೆ ಹೋಗಲಿಲ್ಲ.

“ಅತ್ತೀ, ನೀವರೆ ಹೊರಗ ಹೋಗಿ ನೋಡಿದ್ರೇನ್ರಿ?”

“ಏನ್ ನೋಡೂದವಾ, ಹಂಸ ಈಸೂದು?” ಗೌರವ್ವ ಮೂಗು ಮುರಿದರು. “ತುಂಗವ್ವ ಇದ್ಲಂದ್ರ ನಾಕ್ ಸರೆ ಹೋಗಿ ಬರ್ತಿದ್ದೆ. ಒಂದ್ ರೊಟ್ಟಿ ಹಾಕೂದು, ಒಂದ್ ಮಾತು ಕೇಳೂದು. ನಗು ಬಂತಂದ್ರ ಒಳಗ ಒಂದ್ ಹೆಜ್ಜಿ ಇಟ್ಟು ನಿಂತು ನಕ್ಕು ಬರೂದು. ಹಂಚು ಕಾಯ್ತೈತೇನು?”

ದಾಕ್ಷಾಯಿಣಿಯ ಕೈ ಹಿಟ್ಟಿನ ಮೇಲೆಯೇ ನಿಂತಿತು. ಯಾರೂ ನೋಡಲು ಬಾರದ ಕಾರ್ಯಕ್ರಮದಿಂದ ಯಾರು ಎದ್ದು ಹೋಗುತ್ತಾರೆ! ಹೆಂಗಸರು ಓಡೋಡಿ ಬಂದು ನೋಡುವ ಕಾರ್ಯಕ್ರಮಕ್ಕೆ ಮಾತ್ರ, ಹಂಚಿನ ಕಡೆ ಹಿಂತಿರುಗಿದ ಪ್ರತಿ ಹೆಜ್ಜೆಗೂ ಒಂದೊಂದು ಮುಜುಗರ ಬರೆದುಕೊಳ್ಳುತ್ತಿತ್ತು ಡಬ್ಬಿ. ಅವಳಿಗೆ ಒಂದೇ ಸಲಕ್ಕೆ ನಗುವೂ ಸಿಟ್ಟೂ ಬಂದವು. ರೊಟ್ಟಿ ಕರಕಾಯಿತು.

ಮರುದಿನ ಇಮ್ತಿಯಾಜ್ ಹಳೆಯ ಅಂಕಿಗಳನ್ನು ಬಗೆದು ನೋಡಿದ. ಎದ್ದು ಹೋದ ಚುಕ್ಕೆಗಳೆಲ್ಲ ಹೆಂಗಸರವೇ. ಎರಡು ನಿಮಿಷಕ್ಕೆ ಮತ್ತೆ ಒಳಗೆ, ಮತ್ತೆ ಹೊರಗೆ. “ನಮ್ಮನಿ ಕಥೀನೂ ಇದ ಅಲ್ರಿ ಮೇಡಂ,” ಎಂದು ಅವನು ತಲೆ ಕೆರೆದುಕೊಂಡ. “ನಮ್ಮಾಕಿ ಬಂದು ಹೋಗೂದನ್ನ ನಾ ನೋಡೇ ಇಲ್ಲ.”

ದಾಕ್ಷಾಯಿಣಿ ಕೇಶವಮೂರ್ತಿಗೆ ಫೋನ್ ಮಾಡಿ ಎಲ್ಲವನ್ನೂ ಬಿಡಿಸಿ ಹೇಳಿದಳು.

“ನೀವು ಹೇಳೋದು ನೂರಕ್ಕೆ ನೂರು ಸರಿ ಮೇಡಂ. ಆದ್ರೆ ಕಾನೂನಲ್ಲಿ ಹೊಸ್ತಿಲು ದಾಟಿದ್ರೆ ನಿರ್ಗಮನ. ಯಾಕೆ ದಾಟಿದ್ರು ಅಂತ ಕೇಳೋ ಜಾಗವೇ ಇಲ್ಲ.”

“ಯಾರಿಗೂ ವಿನಾಯಿತಿ ಇಲ್ಲೇನ್ರಿ?”

“ಯಜಮಾನರಿಗಿದೆ. ಅವರಿಗೆ ಫೋನ್ ಬರತ್ತೆ, ಬಾಗಿಲಿಗೆ ಯಾರೋ ಬರ್ತಾರೆ, ನಾಲ್ಕು ಕೆಲಸ ಇರತ್ತೆ ನೋಡಿ. ಕಾರ್ಯಕ್ರಮ ಮುಗಿಯೋದ್ರೊಳಗೆ ವಾಪಸ್ ಬಂದು ಕೂತ್ರೆ ಅದನ್ನ ಲೆಕ್ಕಕ್ಕೆ ಹಿಡಿಯೋದಿಲ್ಲ.”

“ಹೆಂಗಸರಿಗೇನು ಕೆಲಸ ಇರೂದಿಲ್ಲ ಬಿಡ್ರಿ,” ಎಂದು ಫೋನ್ ಕುಕ್ಕಿದಳು. ಕಾನೂನು ಬದಲಾಗಲು ವರ್ಷಗಳು ಬೇಕು. ತಪಾಸಣೆಗೆ ಉಳಿದಿದ್ದು ಒಂದು ವಾರ. ಡಬ್ಬಿಗೆ ಬುದ್ಧಿ ಹೇಳಲಾಗದಿದ್ದರೆ ಬೇಡ, ನೋಡುವವರಿಗೇ ಹೇಳೋಣ ಎಂದುಕೊಂಡಳು. ಅರ್ಧ ಗಂಟೆ ಅವರು ಏಳದೆ ಕೂತರೆ ಸಾಕು. ಮಾಲೀಕರ ಮುಂದೆ ಹೋಗಿ, ತಪಾಸಣೆಯ ದಿನ ‘ಸಂಜಿ ಕಟ್ಟಿ’ಯನ್ನೇ ಬಿಡುತ್ತೇನೆ ಎಂದಳು. ಮಾಲೀಕರು ಎದೆ ಹಿಡಿದುಕೊಂಡರು. ಕೊನೆಗೆ, “ಬಿದ್ರ ಎಲ್ಲಾರೂ ಬೀಳ್ತೀವಿ, ನೆನಪಿರ್ಲಿ,” ಎಂದು ಒಪ್ಪಿದರು. ಅವಳ ಧೈರ್ಯಕ್ಕಲ್ಲ, ಅವರ ಹೆಂಡತಿಗೂ ಹಂಸ ಸಾಕಾಗಿತ್ತು.

ತಪಾಸಣೆಯ ಸಂಜೆ ಏಳೂವರೆಗೆ ಕೇಶವಮೂರ್ತಿ ಕಂಟ್ರೋಲ್ ರೂಮಿನಲ್ಲಿ ಕುರ್ಚಿ ಎಳೆದುಕೊಂಡು ಕೂತರು. ತುಂಗವ್ವ ಬಹಳ ದಿನದ ಮೇಲೆ ಕಟ್ಟೆ ಹತ್ತಿದಳು. ಸುತ್ತ ನೋಡಿದಳು, ಆಮೇಲೆ ಕ್ಯಾಮೆರಾವನ್ನೇ ನೋಡಿದಳು. ದಾಕ್ಷಾಯಿಣಿ ಬರೆದುಕೊಟ್ಟ ಮಾತು ಹೀಗಿತ್ತು:

“ಏ ತಂಗಿ, ಅಲ್ಲೆ ಬಾಗಲದಾಗ ನಿಂತಾಕಿ, ನಿನಗ ಹೇಳಾಕತ್ತೀನಿ. ಬಂದು ಬಂದು ಓಡಿ ಹೋಗೂದು ಸಾಕಿನ್ನ. ಹಂಚು ಇದ್ದಲ್ಲೆ ಬಿಡು, ಹಿಟ್ಟು ಇದ್ದಲ್ಲೆ ಬಿಡು, ಬಂದು ಕುಂಡ್ರು. ನೆಲದ ಮ್ಯಾಲಲ್ಲ, ಕುರ್ಚಿ ಮ್ಯಾಲ. ನನ್ನ ಮಾತು ಮುಗಿಯೂತನಕ ಏಳಬ್ಯಾಡ.”

ಪರದೆಯ ಮೇಲೆ ಮೊದಲು ಏನೂ ಆಗಲಿಲ್ಲ. ಆಮೇಲೆ ಒಂದು ಚೌಕದಲ್ಲಿ ಹೊಸ ಚುಕ್ಕೆ ಮೂಡಿತು. ಪಕ್ಕದ್ದರಲ್ಲಿ ಎರಡು. ಎರಡು ಚುಕ್ಕೆಯ ಮನೆಗಳು ಮೂರಾದವು, ನಾಲ್ಕಾದವು. ಗದಗ, ಬಾಗಲಕೋಟೆ, ಹಾವೇರಿ, ಎಲ್ಲ ಕಡೆ ಹಸಿರು ತುಂಬಿಕೊಂಡಿತು. ಯಾರೂ ಏಳುತ್ತಿರಲಿಲ್ಲ.

“ಇಷ್ಟು ಮಂದಿ ಎಲ್ಲಿದ್ರು ಮೇಡಂ ಇವ್ರೆಲ್ಲ?” ಎಂದ ಇಮ್ತಿಯಾಜ್.

“ಅಲ್ಲೇ ಇದ್ರಪ್ಪ, ಹೊಸ್ತಿಲದಾಚಿಗೆ,” ಎಂದಳು ದಾಕ್ಷಾಯಿಣಿ.

ಆದರೆ ಒಂದು ಎಡವಟ್ಟಾಗಿತ್ತು. ಹಂಚು ಇದ್ದಲ್ಲೇ ಬಿಡು ಎಂದು ಬರೆದವಳು ಒಲೆ ಆರಿಸಿ ಬಾ ಎಂದು ಬರೆಯುವುದನ್ನು ಮರೆತಿದ್ದಳು. ಅವಳ ನೋಡುಗರೋ ತುಂಗವ್ವ ಹೇಳಿದ್ದನ್ನು ಒಂದಕ್ಷರ ಬಿಡದೆ ಪಾಲಿಸಿದ್ದರು.

ಇಪ್ಪತ್ತು ನಿಮಿಷ ಕಳೆದಿರಬೇಕು. ಒಂದು ಚುಕ್ಕೆ ಎದ್ದಿತು, ಕೆಂಪಾಗಿ ಆರಿತು. ಇನ್ನೊಂದು ಎದ್ದಿತು. ಆಮೇಲೆ ಸಾಲುಸಾಲಾಗಿ ಏಳತೊಡಗಿದವು. “ಹೊಂಟ್ರು ಮೇಡಂ! ಎಲ್ಲಾರೂ ಹೊಂಟ್ರು!” ಎಂದು ಇಮ್ತಿಯಾಜ್ ಕೂಗಿದ. ಹದಿನೈದು, ಇಪ್ಪತ್ತು, ಇಪ್ಪತ್ತಾರು. ನೂರಿಪ್ಪತ್ತು ಮನೆಗಳ ಅನ್ನಕ್ಕೆ ಕಲ್ಲು ಹಾಕಿದೆನಲ್ಲ ಎಂದು ದಾಕ್ಷಾಯಿಣಿಗೆ ಎನ್ನಿಸಿತು. ಏನು ಮಾಡಲೂ ತೋಚದೆ ಮನೆಗೇ ಫೋನ್ ಮಾಡಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟಳು.

“ಈಗ್ಯಾಕ ಫೋನು? ತುಂಗವ್ವ ಮಾತಾಡಾಕತ್ತಾಳ,” ಎಂದರು ಗೌರವ್ವ.

“ಅತ್ತೀ, ನೀವು ಎದ್ದೀರೇನ್ರಿ?”

“ನಾ ಯಾಕ ಏಳ್ಲಿ? ಏಳಬ್ಯಾಡ ಅಂದಾಳಲ್ಲ. ಕುರ್ಚಿ ಮ್ಯಾಲ ಕುಂತೀನಿ.”

“ಮತ್ತ ಯಾರ್ ಎದ್ರು?”

“ರೊಟ್ಟಿ ಹೊತ್ತಿ ಮನಿ ತುಂಬ ಹೊಗಿ ಆಗೇತಿ. ನಿಮ್ಮ ಮಾವಾರು ಕೆಮ್ಮಿ ಕೆಮ್ಮಿ ನೋಡಿದ್ರು, ನಾ ಏಳ್ಲಿಲ್ಲ. ಕಡೀಕ ತಾವ ಎದ್ದು ಒಳಗ ಹೋಗ್ಯಾರ. ಇಡವಾ ಫೋನು.”

ಇಮ್ತಿಯಾಜ್ ಎದ್ದು ಹೋದ ಚುಕ್ಕೆಯೊಂದನ್ನು ಮುಟ್ಟಿ ನೋಡಿದ. ಯಜಮಾನರು. ಇನ್ನೊಂದನ್ನು ಮುಟ್ಟಿದ, ಯಜಮಾನರು. ಮತ್ತೊಂದು, ಅದೂ ಯಜಮಾನರೇ. ಕೇಶವಮೂರ್ತಿ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು. ಅವರ ಭುಜ ಕುಲುಕುತ್ತಿತ್ತು.

“ವಿನಾಯಿತಿ ಇದೆ ಮೇಡಂ. ಆದ್ರೆ ಮುಗಿಯೋದ್ರೊಳಗೆ ವಾಪಸ್ ಬರಬೇಕು. ಇನ್ನು ಆರೇ ನಿಮಿಷ.”

ಚುಕ್ಕೆಗಳು ಬರಲಿಲ್ಲ. ಅಡುಗೆಮನೆಗೆ ಹೋದ ಯಜಮಾನರು ಅಲ್ಲಿ ಏನು ಪಾಡು ಪಡುತ್ತಿದ್ದರೋ, ಡಬ್ಬಿಗೆ ಹೊಸ್ತಿಲಿನಾಚೆ ಕಾಣುತ್ತಿರಲಿಲ್ಲ. ದಾಕ್ಷಾಯಿಣಿ ಮೈಕು ಎಳೆದುಕೊಂಡು ತುಂಗವ್ವನ ಕಿವಿಗೆ ನೇರವಾಗಿ ಹೇಳಿದಳು. “ನಾ ಬರದುಕೊಟ್ಟಿದ್ದು ಬಿಡ್ರಿ ಅವ್ವಾ. ಗಂಡಸರು ರೊಟ್ಟಿ ಮಾಡಾಕತ್ತಾರ. ಅವ್ರನ್ನ ಹೊರಗ ಕರೀರಿ, ನೀವ ಹೆಂಗರೆ ಕರೀರಿ.”

ತುಂಗವ್ವನ ಪಾತ್ರ ಮಾಡುತ್ತಿದ್ದವರು ನಾಟಕ ಕಂಪನಿಯಲ್ಲಿ ಪಳಗಿದ ಕಲಾವಿದೆ. ಒಂದು ಗಳಿಗೆ ಮಾತು ನಿಲ್ಲಿಸಿ ಮೂಗೆತ್ತಿ ವಾಸನೆ ಹಿಡಿದರು.

“ಏನವಾ ಇದು, ರೊಟ್ಟಿ ಹೊತ್ತಿದ ವಾಸನಿ ನನ್ನತನಕ ಬಂತು! ಒಳಗ ಯಜಮಾನ್ರು ಅದಾರೇನು? ಅಯ್ಯ ನನ ಯಪ್ಪಾ, ಒಬ್ರ ಯಾಕ ನಿಂತೀರಿ ಅಲ್ಲೆ? ಒಲಿ ಆರಿಸ್ರಿ. ಹೆಂಗರೆ ಆಗಿರ್ಲಿ, ಮಾಡಿದ್ದು ತಾಟಿನ್ಯಾಗ ಹಾಕ್ಕೊಂಡು ಹೊರಗ ಬರ್ರಿ. ನಿಮ್ಮ ಕೈ ರೊಟ್ಟಿ ಕಾಣೂತನಕ ನಾ ಈ ಕಟ್ಟಿ ಇಳಿಯಾಕಿ ಅಲ್ಲ. ಕುಂತಾರಲ್ಲ ಅವ್ರೆಲ್ಲ, ಅವರ ಕೈಯಾಗ ಕೊಡ್ರಿ!”

ಪರದೆಯ ಮೂಲೆಯಲ್ಲಿ ಒಂದು ಚುಕ್ಕೆ ಹಸಿರಾಯಿತು. ಹೊಸ್ತಿಲ ಬಳಿ ತಡೆದು ನಿಂತಿತು, ನಾಚಿಕೊಂಡಿತೋ ಏನೋ, ಆಮೇಲೆ ಒಳಗೆ ಬಂದು ಒಂದೊಂದು ಚುಕ್ಕೆಯ ಬಳಿಯೂ ನಿಂತು ನಿಂತು ಹೋಯಿತು. ಪಕ್ಕದ ಚೌಕದಲ್ಲೂ ಹಾಗೇ ಆಯಿತು, ಅದರ ಪಕ್ಕದಲ್ಲೂ. ಯಜಮಾನರೆಲ್ಲ ಬಡಿಸುತ್ತಿದ್ದರು. ಕಾರ್ಯಕ್ರಮ ಮುಗಿದಾಗ ಡಬ್ಬಿಯ ಲೆಕ್ಕ ನೂರಕ್ಕೆ ಏಳು ಎಂದು ನಿಂತಿತು. ಆ ಅಂಕಿ ತಾನಾಗಿಯೇ ಬೆಂಗಳೂರಿಗೆ ಹೋಯಿತು, ತಾನಾಗಿಯೇ ಮೊಹರು ಬಿದ್ದು ಬಂತು. ಇಮ್ತಿಯಾಜ್ ಕುರ್ಚಿಯ ಮೇಲೆ ಹತ್ತಿ ಕುಣಿದ.

“ಮೇಲಿನವರಿಗೆ ನಾನು ಏನಂತ ಹೇಳ್ಲಿ ಮೇಡಂ?” ಎಂದರು ಕೇಶವಮೂರ್ತಿ. ಅವರ ಮುಖದಲ್ಲಿ ಚಿಂತೆಗಿಂತ ನಗುವೇ ಹೆಚ್ಚಿತ್ತು.

“ಸಹಕುಟುಂಬ ಕುಂತು ನೋಡಿದ್ರು ಅಂತ ಹೇಳ್ರಿ,” ಎಂದು ದಾಕ್ಷಾಯಿಣಿ ಚೀಲ ಹೆಗಲಿಗೇರಿಸಿದಳು.

ಮನೆಯಲ್ಲಿ ಹೊಗೆಯ ವಾಸನೆ ಇನ್ನೂ ಹೋಗಿರಲಿಲ್ಲ. ಟೀವಿ ಆರಿಸಿತ್ತು. ಗೌರವ್ವ ಕೈ ಕುರ್ಚಿಯಲ್ಲಿ ರಾಣಿಯ ಹಾಗೆ ಕೂತು ಪುಂಡಿಪಲ್ಯದ ಜೊತೆ ರೊಟ್ಟಿ ಮುರಿಯುತ್ತಿದ್ದರು. ಅಡುಗೆಮನೆಯಿಂದ ತಟತಟ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಅಳುಕಿಲ್ಲದ, ರೂಢಿಯಾದ ಕೈಯ ಸದ್ದು. ದಾಕ್ಷಾಯಿಣಿ ಹೊಸ್ತಿಲ ಬಳಿ ಹೋಗಿ ನಿಂತಳು. ಚನ್ನವೀರಪ್ಪನವರು ಲುಂಗಿ ಎತ್ತಿ ಕಟ್ಟಿ, ಮೊಣಕೈತನಕ ಹಿಟ್ಟು ಮಾಡಿಕೊಂಡು ಕೂತಿದ್ದರು. ರೊಟ್ಟಿ ದುಂಡಗೆ, ತೆಳ್ಳಗೆ ಬರುತ್ತಿತ್ತು.

“ಮಾವಾರ, ನಿಮಗ ಇದು ಬರತಿತ್ತೇನ್ರಿ?”

“ಗಾರ್ಡ್ ಕೆಲಸದಾಗ ರಾತ್ರಿ ಉಳಕೊಳ್ಳೂ ಊರೂರಿನ ರನ್ನಿಂಗ್ ರೂಮಿನ್ಯಾಗ ಮತ್ಯಾರು ಬಡದು ಕೊಡ್ತಾರ? ನಾನ ಬಡಕೊಂಡು ತಿಂತಿದ್ದೆ.” ಅವರು ತಲೆ ಎತ್ತಲಿಲ್ಲ. ರೊಟ್ಟಿಗೆ ನೀರು ಸವರಿ ತಿರುವಿ ಹಾಕಿದರು. ಆಮೇಲೆ ಹಂಚನ್ನೇ ನೋಡುತ್ತ ಹೇಳಿದರು. “ನಿನ್ನ ಒಂದು ಮಾತು ಕೇಳಬೇಕಂತಿದ್ದೆ. ನೀ ಬಂದಾಗಿಂದ ಅಲ್ಲೆ ಬಾಗಲದಾಗ ನಿಲ್ತಿ. ಕೂಡು ಅನ್ನಾಕ ನಾಕ್ ಸರೆ ಬಾಯಿ ತಗದೀನಿ. ಈ ಮುದುಕನ ಮುಂದ ಕೂಡಾಕ ನಿನಗ ಮುಜುಗರ ಆದೀತು ಅಂತ ಸುಮ್ನ ಆದೆ.”

ಹತ್ತೊಂಬತ್ತು ವರ್ಷ ದಾಕ್ಷಾಯಿಣಿ ಇವರಿಗಾಗಿ ನಿಂತಿದ್ದಳು, ಇವರು ಅವಳಿಗಾಗಿ ಕೂಡೆನ್ನದೆ ಬಿಟ್ಟಿದ್ದರು. ಕಣ್ಣಿಗೆ ನೀರು ಬಂತು. ಹೊಗೆ ಇತ್ತಲ್ಲ, ಒರೆಸಿಕೊಳ್ಳಲು ಅಡ್ಡಿಯಿರಲಿಲ್ಲ.

ಅವಳು ಪಡಸಾಲೆಗೆ ಹೋಗಿ ಅತ್ತೆಯ ಪಕ್ಕದ ಕುರ್ಚಿಯನ್ನು ಅಡುಗೆಮನೆಯ ಕಡೆ ತಿರುಗಿಸಿ, ಮಾವನ ಎದುರಿಗೇ ಕೂತಳು. ತಾಟು ತೊಡೆಯ ಮೇಲಿಟ್ಟುಕೊಂಡಳು. ಚನ್ನವೀರಪ್ಪನವರು ಎದ್ದು ಬಂದು ಬಿಸಿ ರೊಟ್ಟಿ ಹಾಕಿದರು. ಅವಳು ಅದನ್ನು ಮೆಲ್ಲಗೆ ತಿಂದು ಮುಗಿಸಿದಳು. ತಾಟು ಮುಂದೆ ಚಾಚಿದಳು.

“ಇನ್ನೊಂದು ಹಾಕ್ರಿ ಮಾವಾರ,” ಎಂದಳು.